ಐದನೆಯ ಹಿಡಿ ಮಣ್ಣು

ಗಿರಿಜಕ್ಕ, ಅವತ್ತು ಊರ ಬಾಗಿಲಲ್ಲಿ ನಾನು ನಿಮಗೆ ಸುಳ್ಳು ಹೇಳಿದೆ. ನಿಮ್ಮ ಅವ್ವನ ಮಣ್ಣು ಆಗ ಆಗಿರಲಿಲ್ಲ. ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಅವರನ್ನು ಕೂರಿಸಿದ್ದರು. ನಿಮ್ಮ ಅಣ್ಣ ಚನ್ನಣ್ಣ ಹೊಸ್ತಿಲ ಮೇಲೆ ಕೂತು ನಿಮಗಾಗಿ ಕಾಯುತ್ತಿದ್ದರು.

ಆ ಮಾತನ್ನು ನನ್ನಿಂದ ಯಾರೂ ಹೇಳಿಸಲಿಲ್ಲ. ಚನ್ನಣ್ಣ ಹೇಳಿಸಲಿಲ್ಲ, ಪಂಚಾಯ್ತಿಯವರು ಹೇಳಿಸಲಿಲ್ಲ. ನಾಲ್ಕು ವರ್ಷದಿಂದ ನೀವು ಅಣ್ಣನ ಹೆಸರಿಗೆ ಕಟ್ಟಿರುವ ತಪ್ಪು ನನ್ನದು. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಯಾಕೆಂದರೆ ಮೊದಲು ಕಾರಣಗಳನ್ನು ಬರೆದರೆ ಆಮೇಲೆ ತಪ್ಪು ಚಿಕ್ಕದಾಗಿ ಕಾಣುತ್ತದೆ — ನನಗೆ ಆ ಚಾಳಿ ಇದೆ.

ನನ್ನನ್ನು ನೀವು ಬಲ್ಲಿರಿ. ನಿಮ್ಮ ತವರಿನ ಪಕ್ಕದ ಮನೆಯ ವೀರೇಶ. ಕಂಕುಳಲ್ಲಿ ಎತ್ತಿಕೊಂಡು ನನ್ನನ್ನು ಅಂಗನವಾಡಿಗೆ ಬಿಡುತ್ತಿದ್ದವರು ನೀವು. ಮದುವೆಯಾಗಿ ಸೊರಬದ ಆಚೆಗೆ ಹೊರಟ ದಿನ ನಿಮ್ಮ ದಿಬ್ಬಣದ ಟ್ರ್ಯಾಕ್ಟರ್ ಹಿಂದೆ ಓಡಿ ಬಿದ್ದು ಮೊಣಕಾಲು ಒಡೆದುಕೊಂಡವನು ನಾನು. ಏಳನೇ ಕ್ಲಾಸಿನಿಂದ ದಿನಚರಿ ಬರೆಯುತ್ತೇನೆ. ಮೊದಲ ಮಳೆ ಬಿದ್ದ ದಿನ, ಎಮ್ಮೆ ಈದ ದಿನ, ಅಪ್ಪ ಶಿರಾಳಕೊಪ್ಪದ ಸಂತೆಗೆ ಹೋದ ದಿನ, ಎಲ್ಲಕ್ಕೂ ನನ್ನಲ್ಲಿ ತಾರೀಖಿದೆ. ಈಗ ಊರ ಡೈರಿಯಲ್ಲಿ ಹಾಲು ಅಳೆಯುವ ಕೆಲಸ ಸಿಕ್ಕಿದ್ದೂ ಆ ಗುಣದಿಂದಲೇ. ಕೊರೊನಾದ ಎರಡನೇ ಅಲೆಯ ಮೇ ತಿಂಗಳಲ್ಲಿ ಊರ ಬಾಗಿಲು ಕಾಯುವ ಕೆಲಸ ಬಂದದ್ದೂ ಅದರಿಂದಲೇ. “ವೀರೇಶ ಲೆಕ್ಕ ತಪ್ಪೋನಲ್ಲ, ಅವನೇ ನಿಂತ್ಕಳ್ಳಿ” ಎಂದು ಪಂಚಾಯ್ತಿ ಕಟ್ಟೆಯಲ್ಲಿ ಹೇಳಿದ್ದು ಚನ್ನಣ್ಣನೇ.

ಹುಣಸೆಮರದ ಹತ್ತಿರ ರಸ್ತೆಗೆ ಅಡ್ಡ ಎರಡು ಬಿದಿರ ಗಳ, ಪಕ್ಕದಲ್ಲಿ ಜಾಲಿ ಮುಳ್ಳು. ಹೊರಗಿನವರು ಬಂದರೆ ರಿಪೋರ್ಟ್ ನೋಡಬೇಕು. ಸೀಲ್‌ಡೌನ್ ಆದ ಬೀದಿಯವರನ್ನು ಒಳಗೆ ಬಿಡಬಾರದು. ಸತ್ತರೆ ಮಣ್ಣಿಗೆ ಐದೇ ಜನ. ನನಗೆ ಆ ಕೆಲಸ ಹಿಡಿಸಿತು — ಇದನ್ನೂ ಒಪ್ಪಿಕೊಳ್ಳಬೇಕು. ಓರಗೆಯ ಹುಡುಗರು “ಡಿ.ಸಿ. ಸಾಹೇಬ್ರ, ನಮ್ಮ ಎಮ್ಮಿಗೂ ಪಾಸ್ ಮಾಡಿಸ್ಬೇಕೇನ್ರೀ?” ಎಂದು ಛೇಡಿಸುವಾಗ ನಾನು ನಗುತ್ತಿರಲಿಲ್ಲ. ಒಳಗೊಳಗೇ ಹಿಗ್ಗುತ್ತಿದ್ದೆ. ಕಾಲೇಜು ಮುಚ್ಚಿ ಮನೆಯಲ್ಲಿ ಬಿದ್ದಿದ್ದವನಿಗೆ ಹಿರಿಯರೂ ಗಾಡಿ ನಿಲ್ಲಿಸಿ, ಮಾಸ್ಕ್ ಸರಿಮಾಡಿಕೊಂಡು, “ಹೋಗ್ಲೇನಪ್ಪಾ?” ಎಂದು ಕೇಳುವುದು…

ಭಯವೂ ಇತ್ತು. ಇಲ್ಲ ಅನ್ನಲಾರೆ. ನಮ್ಮ ಅಪ್ಪ ಶಿಕಾರಿಪುರದ ಆಸ್ಪತ್ರೆಯಿಂದ ಬಂದು ವಾರವಾಗಿತ್ತಷ್ಟೆ. ಉಸಿರಿಗಾಗಿ ಅವರು ಮಂಚದ ಸರಳು ಹಿಡಿದು ಏಳುತ್ತಿದ್ದುದನ್ನು ನೋಡಿದ್ದೆ. ಊರಲ್ಲಿ ಒಂದು ಮದುವೆಯ ಊಟದ ಮೇಲೆ ಇಬ್ಬರು ತೀರಿಹೋಗಿದ್ದರು. ಆ ಮದುವೆಗೆ ಎಷ್ಟು ಜನ ಬಂದರೆಂದು ಯಾರೂ ಎಣಿಸಿರಲಿಲ್ಲ. ಎಣಿಸಿದ್ದರೆ ಆ ಇಬ್ಬರು ಉಳಿಯುತ್ತಿದ್ದರು ಅಂತ ನನ್ನ ನಂಬಿಕೆ. ಹಾಗಾಗಿ ಎಣಿಸುತ್ತಿದ್ದೆ. ಒಳಗೆ ಬಂದವರು, ಹೊರಗೆ ಹೋದವರು, ತಿರುಗಿ ಹೋದವರು.

ನಿಮ್ಮ ಅವ್ವ ತೀರಿಕೊಂಡದ್ದು ಆ ರೋಗದಿಂದಲ್ಲ. ಅವರ ಹಳೇ ಉಬ್ಬಸ ನಿಮಗೆ ಗೊತ್ತೇ ಇದೆ. ಬೆಳಗಿನ ಜಾವ ಕೂತಲ್ಲೇ ಹೋದರು. ಚನ್ನಣ್ಣ ನಿಮಗೆ ಫೋನ್ ಮಾಡಿದರು, “ಹೊರಟ್ವಿ” ಎಂದಿರಂತೆ. ಬೆಳಕು ಹರಿದ ಮೇಲೆ ಅವರು ನನ್ನ ಹತ್ತಿರ ಬಂದರು. ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು, ಕಣ್ಣಷ್ಟೇ ಕಾಣುತ್ತಿತ್ತು.

“ವೀರೇಶ, ಲೆಕ್ಕ ಕೇಳು. ನಾನು ಒಬ್ಬ. ಅಯ್ಯನೋರು ಒಬ್ರು. ಕುಣಿ ತೋಡೋರು ಇಬ್ರು. ನಾಕು ಆತು. ಐದನೇದು ಗಿರಿಜಂದು.”

“ಅಣ್ಣ, ಅಕ್ಕನ ಬೀದಿ ಸೀಲ್ ಆಗೇತಂತಲ್ಲ…”

“ಗೊತ್ತು. ಊರೊಳಗೆ ಬ್ಯಾಡ. ಕೆರೆ ಏರಿ ಮ್ಯಾಲಿಂದ ಹೊಲಕ್ಕೆ ಬರ್ಲಿ. ದೂರ ನಿಂತು ಮುಖ ನೋಡ್ಲಿ. ನಾವೆಲ್ಲ ಸರಿದ ಮ್ಯಾಲೆ ಒಂದು ಹಿಡಿ ಮಣ್ಣು ಹಾಕಿ ಹೋಗ್ಲಿ. ಬಂದ ಕೂಡ್ಲೆ ನಂಗೆ ಹೇಳು. ಅವಳು ಬರೋತಂಕ ನಾನು ಎತ್ತಲ್ಲ.”

ನೋಡಿ ಗಿರಿಜಕ್ಕ, ಇಷ್ಟೂ ಆಗಲೇ ಯೋಚಿಸಿಟ್ಟಿದ್ದರು ನಿಮ್ಮ ಅಣ್ಣ. ಊರಿಗೂ ಕೇಡಾಗದ ಹಾಗೆ, ನಿಮಗೂ ಅನ್ಯಾಯವಾಗದ ಹಾಗೆ. ಮಗಳು ಬರುವ ತನಕ ತಾಯಿಯನ್ನು ಮಣ್ಣು ಮಾಡುವುದಿಲ್ಲ, ಮಗಳು ತಂದ ಸೀರೆ ಹೊದಿಸದೆ ಕಳಿಸುವುದಿಲ್ಲ — ಈ ರೂಢಿಯನ್ನೂ, ಸರ್ಕಾರದ ಐದು ಜನರ ಲೆಕ್ಕವನ್ನೂ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಓದಿದವನು ನಾನು. ಆದರೆ ಅಂಥ ದಾರಿಯೊಂದು ಇರಬಹುದು ಅಂತ ನನಗೆ ಹೊಳೆದಿರಲಿಲ್ಲ. “ಹೂಂ ಅಣ್ಣ” ಅಂದೆ.

ಹತ್ತರ ಸುಮಾರಿಗೆ ನೀವು ಬಂದಿರಿ. ಪೊಲೀಸರ ಕಣ್ಣು ತಪ್ಪಿಸಿ ಹೊಲದ ದಾರಿಗಳಲ್ಲೇ ಬಂದಿದ್ದಿರಿ ಅನ್ನಿಸುತ್ತದೆ, ಭಾವನ ಬೈಕಿಗೆ ಕೆಸರು ಮೆತ್ತಿತ್ತು. ನೀವು ಗಳದ ಹತ್ತಿರಕ್ಕೆ ಬರಲೇ ಇಲ್ಲ. ಮೋರಿಯ ಆಚೆಗೇ ಬೈಕ್ ನಿಲ್ಲಿಸಿ, ಇಳಿದು, ಸೆರಗನ್ನು ಮಾಸ್ಕಿನ ಮೇಲೆ ಇನ್ನೊಂದು ಸುತ್ತು ಎಳೆದುಕೊಂಡು ಅಲ್ಲಿಂದಲೇ ಕೂಗಿದಿರಿ:

“ವೀರೂ, ನಾ ಹತ್ರ ಬರಲ್ಲಪ್ಪ. ನಮ್ಮ ಮಾವಂಗೆ ಪಾಸಿಟಿವ್ ಬಂದೈತೆ. ನಂದು ಟೆಸ್ಟ್ ಆಗಿಲ್ಲ. ದೂರದಿಂದ ಅವ್ವನ ಮುಖ ನೋಡಿ ಹೋಗ್ತೀನಿ, ಅಷ್ಟೇ ಕಣೋ.”

ಆ ದಿನಗಳಲ್ಲಿ ಗಳದ ಮುಂದೆ ನಿಂತು ನಿಜ ಹೇಳಿದವರು ಕಡಿಮೆ. ಜ್ವರದ ಮಾತ್ರೆ ನುಂಗಿ ಬಂದವರಿದ್ದರು. ಬೇರೆಯವರ ರಿಪೋರ್ಟ್ ತೋರಿಸಿದವರಿದ್ದರು. ನೀವೊಬ್ಬರು, ಹೆತ್ತ ತಾಯಿ ಸತ್ತ ಹೊತ್ತಿನಲ್ಲಿ, ನಿಮ್ಮನ್ನು ತಡೆಯಬಹುದಾದ ನಿಜವನ್ನು ನೀವಾಗಿಯೇ ಹೇಳಿದಿರಿ. ನಾನೇನೂ ಕೇಳಿರಲಿಲ್ಲ. ನಿಮ್ಮ ನಿಜಕ್ಕೆ ನಾನು ಕೊಟ್ಟದ್ದು —

“ಮಣ್ಣು ಆತು ಅಕ್ಕ. ಬೆಳಿಗ್ಗೆನೇ ಆತು.”

ಎಷ್ಟು ಸಲೀಸಾಗಿ ಬಂತು ಆ ಮಾತು! ಮೊದಲೇ ಯೋಚಿಸಿದ್ದೆನೇ? ಇಲ್ಲ. ‘ಪಾಸಿಟಿವ್’ ಎಂದ ಕೂಡಲೇ ಅಪ್ಪನ ಮಂಚದ ಸರಳು ಕಣ್ಣಿಗೆ ಕಟ್ಟಿತು. ನೀವು ಏರಿಯ ಮೇಲೆ ನಿಲ್ಲುತ್ತೀರಿ, ಅವ್ವನನ್ನು ಎತ್ತಿದ ಕೂಡಲೇ ಓಡಿ ಬಂದು ತಬ್ಬುತ್ತೀರಿ, ನಿಮ್ಮ ಅಳು ಕೇಳಿ ಕೇರಿಯ ಹೆಂಗಸರೆಲ್ಲ ಹೊರಗೆ ಬರುತ್ತಾರೆ, ಆಮೇಲೆ ಯಾರು ಯಾರನ್ನು ತಡೆಯುವುದು — ಇಷ್ಟೂ ಒಂದು ಗಳಿಗೆಯಲ್ಲಿ ತಲೆಯಲ್ಲಿ ಓಡಿತು. ಒಂದು ಮಾತಿನಿಂದ ಊರು ಉಳಿಯುತ್ತದೆ ಅನ್ನಿಸಿತು. ಇದೂ ಪೂರ್ತಿ ನಿಜವಲ್ಲ. ನಿಮ್ಮ ಜೊತೆ ವಾದ ಮಾಡುವ ಧೈರ್ಯ ನನಗಿರಲಿಲ್ಲ. ‘ಅಕ್ಕ, ನನಗೆ ಭಯ, ನೀವು ಬರಬೇಡಿ’ ಎಂದರೆ ನೀವು ಅಳುತ್ತೀರಿ, ಬೈಯುತ್ತೀರಿ, ಅಣ್ಣನನ್ನು ಕರೆ ಎನ್ನುತ್ತೀರಿ. ಸುಳ್ಳಿಗೆ ಎದುರು ಮಾತಿಲ್ಲ. ಆಗಿಹೋದದ್ದಕ್ಕೆ ಯಾರು ಜಗಳ ಆಡುತ್ತಾರೆ?

ಭಾವ ಸಿಟ್ಟಾದರು. “ಹೊರಟೀವಿ ಅಂತ ಫೋನಲ್ಲಿ ಹೇಳಿದ್ವಲ್ಲ ಮಾರಾಯ! ಏನು ಅಂಥಾ ಅವಸ್ರ ನಿಮ್ಮೋರಿಗೆ?” ಅಂದರು.

ನೀವು ಅವರ ತೋಳು ಹಿಡಿದು ಸುಮ್ಮನಾಗಿಸಿದಿರಿ. ನನ್ನನ್ನೇ ನೋಡುತ್ತಿದ್ದಿರಿ.

“ಅಣ್ಣ ಕಾಯ್ಲಿಲ್ವೇನೋ?”

ಅದು ನನಗೆ ಸಿಕ್ಕ ಎರಡನೇ ಅವಕಾಶ. ಇಲ್ಲ ಅಕ್ಕ, ಕಾಯ್ತಿದಾರೆ, ನನ್ನ ಬಾಯಿ ತಪ್ಪಿತು ಅನ್ನಬಹುದಿತ್ತು. ನಾನು ಹೇಳಿದ್ದು: “ಏನ್ ಮಾಡೋದಕ್ಕ, ರೂಲ್ಸು ಹಂಗೈತಿ.”

ಯಾವ ರೂಲ್ಸು? ಮಗಳಿಗೆ ಸುಳ್ಳು ಹೇಳಿ ಕಳಿಸಬೇಕೆಂದು ಯಾವ ಆದೇಶದಲ್ಲಿತ್ತು?

ನೀವು ಅಳಲಿಲ್ಲ. ಮೋರಿಯ ಕಟ್ಟೆಯ ಮೇಲೆ ಕೂತಿರಿ, ನೀರು ಕೇಳಿದಿರಿ. ನಾನು ಬಾಟಲಿಯನ್ನು ರಸ್ತೆ ಮಧ್ಯೆ ಇಟ್ಟು ಹಿಂದೆ ಸರಿದೆ, ನೀವು ಬಂದು ತೆಗೆದುಕೊಂಡಿರಿ. ಕುಡಿದಾದ ಮೇಲೆ ಅದೇ ಜಾಗದಲ್ಲಿ ಒಂದು ಬಟ್ಟೆ ಚೀಲ ಇಟ್ಟಿರಿ.

“ಅವ್ವಂಗೆ ಅಂತ ತಂದಿದ್ದೆ. ಮೈಮೇಲೆ ಹೊದೆಸೋದಂತೂ ಹೋಯ್ತು. ಮಣ್ಣಿನ ಮೇಲಾದ್ರೂ ಇಡು.”

ಭಾವ ಬೈಕ್ ತಿರುಗಿಸಿದರು. ನೀವು ಹಿಂದೆ ನೋಡಲಿಲ್ಲ. ಬೈಕಿನ ಸದ್ದು ಅಡಗುವ ತನಕ ನಾನು ಗಳ ಹಿಡಿದು ನಿಂತಿದ್ದೆ. ಸೀಲ್ ಆದ ಮನೆಯ ವಸ್ತುವನ್ನು ಕೈಯಿಂದ ಮುಟ್ಟಬಾರದೆಂದು ಒಂದು ಕೋಲಿನಿಂದ ಚೀಲವನ್ನು ಎತ್ತಿ ಹುಣಸೆಮರದ ಕೊಂಬೆಗೆ ನೇತು ಹಾಕಿದೆ. ಮೂರು ದಿನ ಬಿಸಿಲಿಗೆ ಇಟ್ಟರೆ ಏನೂ ಆಗುವುದಿಲ್ಲ ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಅಷ್ಟು ಎಚ್ಚರಿಕೆ ಇತ್ತು ನನಗೆ!

ಚನ್ನಣ್ಣ ಮೂರು ಸಲ ಆಳು ಕಳಿಸಿ ಕೇಳಿದರು. ಮೂರು ಸಲವೂ “ಬಂದಿಲ್ಲ” ಅಂದೆ. ನಿಮ್ಮ ಫೋನಿಗೆ ಹಚ್ಚಿದರು, ಸ್ವಿಚ್ ಆಫ್ ಇತ್ತು. ಹೊತ್ತು ನೆತ್ತಿಗೆ ಬಂತು. ಅಯ್ಯನೋರು, “ಇನ್ನು ಇಟ್ಕಬಾರದು ಚನ್ನಪ್ಪ, ಸೆಖೆ ಭಾಳ ಐತಿ” ಎಂದರು. ಆಗ ಚನ್ನಣ್ಣನೇ ಹುಣಸೆಮರದ ತನಕ ನಡೆದು ಬಂದರು. ರಸ್ತೆಯ ಕೊನೆಯವರೆಗೆ ನೋಡಿದರು. ಅವರ ತಲೆಯ ಮೇಲೆಯೇ ಆ ಚೀಲ ತೂಗುತ್ತಿತ್ತು. ಯಾರದೋ ಬುತ್ತಿ ಅಂದುಕೊಂಡಿರಬೇಕು.

“ಭಯ ಬಿದ್ಲೋ ಏನೋ” ಅಂದರು. “ಇರ್ಲಿ. ಮಕ್ಕಳೊಂದಿಗಳು. ವೀರೇಶ, ಐದನೇ ಜಾಗ ಖಾಲಿ ಬಿಡಬಾರ್ದು. ನೀನೇ ಬಾ. ಅವಳ ಹೆಸರಲ್ಲಿ ನೀನೇ ಒಂದು ಹಿಡಿ ಹಾಕು.”

ನಾನು ಹೋದೆ.

ಹೊರಡುವ ಮುಂಚೆ ಅತ್ತಿಗೆ ಟ್ರಂಕಿನಿಂದ ತಮ್ಮದೇ ಒಂದು ಸೀರೆ ತಂದುಕೊಟ್ಟರು. ಚನ್ನಣ್ಣ ಅದನ್ನು ಅಜ್ಜಿಗೆ ಹೊದಿಸುತ್ತ, “ಇದನ್ನ ಗಿರಿಜಂದೇ ಅಂತ ತಿಳ್ಕೊ ಅವ್ವ” ಅಂದರು. ಅದನ್ನು ಕೇಳುತ್ತ ನಿಂತಿದ್ದೆ ನಾನು. ನಿಮ್ಮ ಸೀರೆ ಹುಣಸೆಮರದಲ್ಲಿ ಬಿಸಿಲು ಕಾಯುತ್ತಿತ್ತು. ಆಗಲಾದರೂ ಹೇಳಿದ್ದರೆ… ಹೊಲದ ದಾರಿಯಲ್ಲಿ ನೀವಿನ್ನೂ ಮನೆ ಮುಟ್ಟಿರಲಿಕ್ಕಿಲ್ಲ. ಒಂದು ಬೈಕ್ ಓಡಿಸಿದ್ದರೆ ಸಾಕಿತ್ತು. ನಾನು ಎಣಿಸುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು. ಅಯ್ಯನೋರ ಮಂತ್ರ ಮುಗಿಯಿತು. ಚನ್ನಣ್ಣ ಬಗ್ಗಿ ಮಣ್ಣು ಹಾಕಿದರು. ನನ್ನ ಸರದಿ ಬಂತು. ಬಗ್ಗಿದೆ, ಮುಷ್ಟಿ ತುಂಬ ಹಿಡಿದೆ. ಹಿಂದಿನ ದಿನದ ಮಳೆಗೆ ಮಣ್ಣು ತಣ್ಣಗಿತ್ತು.

ನೀವು ಹಾಕಬೇಕಾಗಿದ್ದ ಆ ಹಿಡಿಯನ್ನು ಹಾಕಿದ ಕೈ ಇದೇ, ಈಗ ಬರೆಯುತ್ತಿರುವುದು.

ಆ ದಿನದ ದಿನಚರಿಯಲ್ಲಿ ‘ನೀಲಮ್ಮಜ್ಜಿ ತೀರಿಕೊಂಡರು, ಮಣ್ಣಿಗೆ ಐದು ಜನ, ನಿಯಮದಂತೆ’ ಎಂದು ಬರೆದಿದ್ದೇನೆ. ಒಂದು ಅಂಕಿಯೂ ತಪ್ಪಿಲ್ಲ.

ಮರುದಿನ ನೀವು ಅಣ್ಣನಿಗೆ ಫೋನ್ ಮಾಡಿದಾಗ ನಾನು ಅವರ ಜಗಲಿಯಲ್ಲೇ ಇದ್ದೆ. ನಿಮ್ಮ ಮಾತು ಕೇಳಿಸಲಿಲ್ಲ, ಅವರದ್ದಷ್ಟೇ ಕೇಳಿಸಿತು. “ಬರ್ಬೇಕು ಅನ್ನೋ ಮನಸಿದ್ರೆ ಬರ್ತಿದ್ದೆ” ಅಂದರು. ಆ ಕಡೆಯಿಂದ ನೀವೇನೋ ಅಂದಿರಿ. ಆಮೇಲೆ ಗೊತ್ತಾಯಿತು, “ಕಾಯ್ಬೇಕು ಅನ್ನೋ ಮನಸಿದ್ರೆ ಕಾಯ್ತಿದ್ದಿ” ಅಂದಿದ್ದಿರಂತೆ. ಎರಡೂ ಮಾತು ಎಷ್ಟು ಸರಿಯಾಗಿ ಜೋಡಿಯಾದವು! ನೀವು ಬಂದು ಹೋದದ್ದು ಅವರಿಗೆ ಗೊತ್ತಿದೆ ಅಂತ ನೀವು ತಿಳಿದಿರಿ. ನೀವು ಹೊರಟೇ ಇರಲಿಲ್ಲ ಅಂತ ಅವರು ತಿಳಿದರು. ನಡುವೆ ನಾನು ಕೂತಿದ್ದೆ, ಅತ್ತಿಗೆ ಕೊಟ್ಟ ಚಹಾ ಕುಡಿಯುತ್ತ. ಚನ್ನಣ್ಣ ಮುಂದಿನ ಮಾತು ಕೇಳದೆ ಫೋನ್ ಕಟ್ ಮಾಡಿ ಮಂಚದ ಮೇಲೆ ಎಸೆದರು. “ನೋಡಿದ್ಯಾ ವೀರೇಶ, ಬರದೆ ಇದ್ದವಳು ನನ್ನ ಮ್ಯಾಲೇ ತಿರುಗಿಸ್ತಾಳೆ” ಅಂದರು. ನಾನು ಹೌದೆಂಬಂತೆ ತಲೆ ಆಡಿಸಿದೆ.

ಇನ್ನೊಂದಿದೆ. ಇದನ್ನು ಬರೆಯಲು ಮೂರು ಸಲ ಪೆನ್ನು ಕೆಳಗಿಟ್ಟೆ. ನಾಲ್ಕು ದಿನಕ್ಕೆ ನಿಮಗೂ ಜ್ವರ ಬಂತು, ಪಾಸಿಟಿವ್ ಅಂತ ಸುದ್ದಿ ಬಂತು. ಆಗ ನನಗೆ ಸಮಾಧಾನವಾಯಿತು, ಗಿರಿಜಕ್ಕ. ಅಯ್ಯೋ ಪಾಪ ಅನ್ನಿಸುವ ಮೊದಲು ಸಮಾಧಾನವಾಯಿತು. ನೋಡಿದೆಯಾ, ನಾನು ತಡೆದದ್ದು ಸರಿಯಾಯಿತು, ನನ್ನ ಲೆಕ್ಕ ಸರಿಯಾಯಿತು ಎಂದು. ನಿಮ್ಮ ಜ್ವರವನ್ನು ನನ್ನ ಸುಳ್ಳಿಗೆ ಸಾಕ್ಷಿ ಮಾಡಿಕೊಂಡೆ. ನೀವು ಹುಷಾರಾದಿರಿ. ಆಗದೇ ಹೋಗಿದ್ದರೂ ನಾನು ಹಾಗೇ ಅಂದುಕೊಳ್ಳುತ್ತಿದ್ದೆನೋ ಏನೋ — ಅದನ್ನು ಯೋಚಿಸಲು ಹೋದರೆ…

ಆ ಸಮಾಧಾನದ ಮೇಲೆಯೇ ಇಷ್ಟು ವರ್ಷ ನಿಂತಿದ್ದೆ. ನಮ್ಮೂರಲ್ಲಿ ಆ ಮಣ್ಣಿನಿಂದ ಯಾರಿಗೂ ಏನೂ ಆಗಲಿಲ್ಲ. ನಿಮ್ಮನ್ನು ಊರೊಳಗೆ ಬಿಡದೇ ಇದ್ದದ್ದು ತಪ್ಪು ಅಂತ ಇವತ್ತಿಗೂ ಹೇಳಲಾರೆ. ಅಂಥ ಕಾಲ ಇನ್ನೊಮ್ಮೆ ಬಂದರೆ ಇನ್ನೊಮ್ಮೆ ಗಳ ಹಿಡಿದು ನಿಲ್ಲುತ್ತೇನೆ. ಒಬ್ಬರ ಹಟದಿಂದ ಹತ್ತು ಮನೆ ಹಾಳಾಗುವುದನ್ನು ಕಂಡಿದ್ದೇನೆ. ಆದರೆ ನೀವು ಹಟ ಮಾಡಲೇ ಇಲ್ಲ. ನಿಮಗೆ ನೀವೇ ಗೆರೆ ಎಳೆದುಕೊಂಡು ಮೋರಿಯ ಆಚೆ ನಿಂತಿದ್ದಿರಿ. ‘ಇದು ನಿಯಮ, ಇಷ್ಟಕ್ಕೆ ಅವಕಾಶ ಇದೆ, ಇಷ್ಟಕ್ಕೆ ಇಲ್ಲ’ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ್ದರೆ ನೀವು ಒಪ್ಪುತ್ತಿದ್ದಿರಿ. ಒಪ್ಪದಿದ್ದರೆ ಬೈಯುತ್ತಿದ್ದಿರಿ. ಆ ಒಪ್ಪುವುದು, ಬೈಯುವುದು, ಅಲ್ಲೇ ಕೂತು ಅಳುವುದು, ಏರಿಯ ಮೇಲಿಂದ ನೋಡುವುದು, ನೋಡಲಾರೆ ಎಂದು ತಿರುಗಿ ಹೋಗುವುದು, ಎಲ್ಲವೂ ನಿಮ್ಮದಾಗಿತ್ತು. ನಿಯಮ ಅದನ್ನು ಕಿತ್ತುಕೊಂಡಿರಲಿಲ್ಲ. ನಾನು ಕಿತ್ತುಕೊಂಡೆ. ನಿಮ್ಮನ್ನು ನಂಬಲಿಲ್ಲ.

ನಾಗರ ಪಂಚಮಿ ಬಂತು. ಚನ್ನಣ್ಣ ನಿಮ್ಮನ್ನು ತವರಿಗೆ ಕರೆಯಲು ಬರಲಿಲ್ಲ. ಮತ್ತೊಂದು ಪಂಚಮಿ. ಮತ್ತೊಂದು. ಮತ್ತೊಂದು. ನೀವು ಬರಲೇ ಇಲ್ಲ ಎಂದು ಅವರು ಊರಲ್ಲಿ ಹೇಳಿದ್ದು ನಿಮ್ಮ ಕಿವಿಗೆ ಬಿದ್ದು, ತಪ್ಪು ಮುಚ್ಚಲು ಅಣ್ಣ ಸುಳ್ಳು ಬೇರೆ ಹೇಳುತ್ತಾನೆ ಅಂತ ನೀವು ಇನ್ನಷ್ಟು ದೂರವಾದಿರಿ. ಪ್ರತಿ ವರ್ಷ ಅತ್ತಿಗೆ ಎಳ್ಳುಂಡೆ, ಶೇಂಗಾ ಉಂಡೆ ಕಟ್ಟಿ ಒಂದು ಡಬ್ಬಿ ಬೇರೆ ಎತ್ತಿಡುತ್ತಿದ್ದರು. ಹಬ್ಬ ಮುಗಿದ ಮೇಲೆ ಅದು ನಮ್ಮ ಮನೆಗೆ ಬರುತ್ತಿತ್ತು. ನಿಮ್ಮ ಪಾಲಿನ ಉಂಡೆಯನ್ನು ನಾಲ್ಕು ವರ್ಷ ನಾನು ತಿಂದಿದ್ದೇನೆ.

ಈ ಸಲ ಶ್ರಾವಣಕ್ಕೆ ಮುಂಚೆ ಚನ್ನಣ್ಣ ಡೈರಿಗೆ ಬಂದರು. ಹಾಲು ಹಾಕಿ, ಕ್ಯಾನು ಹಿಡಿದುಕೊಂಡೇ ಸುಮಾರು ಹೊತ್ತು ನಿಂತರು. ಎಲ್ಲರೂ ಹೋದ ಮೇಲೆ, “ವೀರೇಶ, ನೀನೊಂದ್ಸಲ ಸೊರಬಕ್ಕೆ ಹೋಗಿ ಬರ್ತೀಯಾ? ನಾನು ಹೋದ್ರೆ ಬಾಗಿಲಲ್ಲೇ ಮಾತಿಗೆ ಮಾತು ಬೆಳೀತೈತಿ. ನೀನಾದ್ರೆ ಅವಳಿಗೆ ಪ್ರೀತಿ. ಪಂಚಮಿಗೆ ಬರ್ತಾಳೇನೋ ಕೇಳು” ಅಂದರು.

ಊರಲ್ಲಿ ಅಷ್ಟು ಜನರಿದ್ದರೂ ಅವರು ಆರಿಸಿದ್ದು ನನ್ನನ್ನು.

ಬಂದೆ. ನೀವು ಅಂಗಳದಲ್ಲಿ ಶುಂಠಿ ಹರವುತ್ತಿದ್ದಿರಿ. ನೋಡಿದ ಕೂಡಲೇ, “ಏನೋ ವೀರೂ, ಮೀಸೆ ಬಂದ ಮೇಲೆ ದಾರಿನೇ ಮರ್ತ್ಯಾ? ಇನ್ನೂ ಎಲ್ಲದಕ್ಕೂ ತಾರೀಖು ಬರೀತೀಯೋ? ನಿನ್ನ ಮದುವೆ ತಾರೀಖು ಯಾವಾಗ ಬರೀತೀ ಮಾರಾಯ?” ಎಂದು ನಕ್ಕಿರಿ. ಕೈ ಒರೆಸಿಕೊಂಡು ಒಳಗೆ ಹೋಗಿ ಅವಲಕ್ಕಿ ಕಲಸಿ ತಂದಿರಿ. ನಾನು ಅಣ್ಣನ ಮಾತು ತೆಗೆದೆ. ನಿಮ್ಮ ನಗು ನಿಂತಿತು.

“ನಿನ್ನ ಮೇಲೆ ನಂಗೆ ಸಿಟ್ಟಿಲ್ಲಪ್ಪ. ಗಳ ಹಿಡ್ಕೊಂಡು ನಿಂತ ಹುಡುಗ ಏನು ಮಾಡ್ತಾನೆ? ಹೇಳಿ ನಿಲ್ಸಿದ್ದನ್ನ ಹೇಳ್ದೆ. ನೀನಾದ್ರೂ ನೀರು ಕೊಟ್ಟೆ. ಅಣ್ಣ ಅನ್ನಿಸಿಕೊಂಡೋನು ಅರ್ಧ ದಿನ ಕಾಯಲಿಲ್ಲ. ಅಷ್ಟೂ ಸಾಲದು ಅಂತ ನಾನು ಬರಲೇ ಇಲ್ಲ ಅಂದ. ಅವ್ವ ಇಲ್ಲದ ಮನೆಗೆ ಯಾವ ಪಂಚಮಿ? ಬೇಡ ಬಿಡು.”

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೀವು ದನಿ ಇಳಿಸಿ ಕೇಳಿದಿರಿ:

“ಆ ಸೀರೆ ಇಟ್ಟೆ ತಾನೆ?”

“ಹೂಂ ಅಕ್ಕ.”

“ಅದೊಂದು ಸಮಾಧಾನ ಐತೆ ನಂಗೆ. ಅಷ್ಟು ಸಾಕು” ಅಂದಿರಿ. ಇನ್ನೊಂದು ಚಮಚ ಅವಲಕ್ಕಿ ನನ್ನ ತಟ್ಟೆಗೆ ಹಾಕಿದಿರಿ.

ಮೊದಲ ಸುಳ್ಳಿಗೆ ಭಯ ಇತ್ತು, ವಯಸ್ಸು ಚಿಕ್ಕದಿತ್ತು, ಕಾಲ ಕೆಟ್ಟಿತ್ತು. ಈಗಿನ ಈ ‘ಹೂಂ’ಗೆ ಏನಿತ್ತು? ಯಾವ ರೋಗ ಇತ್ತು ಊರಲ್ಲಿ? ವಾಪಸು ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು ಇದನ್ನೇ ಕೇಳಿಕೊಂಡೆ. ನನಗೆ ನಾನು ಒಳ್ಳೆಯವನಾಗಿ ಕಾಣಬೇಕಿತ್ತು, ಅಷ್ಟೇ. ಅವತ್ತೂ ಅದೇ ಇತ್ತೇನೋ.

ನಿಮ್ಮ ಸೀರೆ ನಿನ್ನೆಯವರೆಗೂ ನನ್ನ ಟ್ರಂಕಿನಲ್ಲಿತ್ತು. ಮೂರು ದಿನದ ಬಿಸಿಲಾದ ಮೇಲೆ ಮರದಿಂದ ಇಳಿಸಿ ತಂದೆ. ಸಮಾಧಿಯ ಮೇಲೆ ಇಟ್ಟರೆ ಚನ್ನಣ್ಣ ಕೇಳುತ್ತಾರೆ, ಯಾರು ತಂದದ್ದು ಅಂತ. ಅದಕ್ಕೇ ಇಡಲಿಲ್ಲ. ಒಮ್ಮೆಯೂ ಮಡಿಕೆ ಬಿಚ್ಚಲಿಲ್ಲ.

ನಿನ್ನೆ ಭಾನುವಾರ ಬೆಳಿಗ್ಗೆ ಚೀಲ ತೆಗೆದುಕೊಂಡು ಚನ್ನಣ್ಣನ ಮನೆಗೆ ಹೋದೆ. ಅವರು ಹಿತ್ತಲಲ್ಲಿ ಎತ್ತು ತೊಳೆಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ಇಲ್ಲಿ ಬರೆದಷ್ಟು ಸರಿಯಾಗಿ ಅಲ್ಲ — ಹಿಂದುಮುಂದಾಗಿ, ತಡವರಿಸಿ. ಅವರು ಎತ್ತಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ.

“ಎಷ್ಟು ಹೊತ್ತಿಗೆ ಬಂದಿದ್ಲು?”

“ಹತ್ತರ ಸುಮಾರಿಗೆ ಅಣ್ಣ.”

“ಅವ್ವ ಆಗ ಪಡಸಾಲೇಲಿದ್ಲು.”

“ಹೌದಣ್ಣ.”

“ಮುಖ ಇನ್ನೂ ಚೆನ್ನಾಗಿತ್ತು ಅವಳದ್ದು. ನಿದ್ದಿ ಮಾಡ್ದಂಗಿತ್ತು.” ಎತ್ತಿನ ಮೇಲೆ ಇನ್ನೊಂದು ಚೊಂಬು ನೀರು ಸುರಿದರು. ಆಮೇಲೆ ಮೆಲ್ಲಗೆ, “ನನ್ನ ತಂಗೀನ ನಾನು ಬಾಯಿಗೆ ಬಂದಂಗೆ ಬೈದೆನಲ್ಲೋ ನಿನ್ನ ಮುಂದೆ. ನನ್ನ ಮನೆ ಉಂಡಿ ನಿನಗೆ ಹೆಂಗೆ ಇಳೀತೋ ವೀರೇಶ?” ಅಂದರು.

ನಾನು ಚೀಲವನ್ನು ಅವರ ಮುಂದೆ ಚಾಚಿದೆ.

ಚೀಲ ಕೈಗೆ ತೆಗೆದುಕೊಂಡರು. ಬಿಚ್ಚಿ ನೋಡಲಿಲ್ಲ, ಎದೆಗೆ ಒತ್ತಿ ಹಿಡಿದರು, ಒದ್ದೆ ಕೈಯಲ್ಲೇ. “ಪಂಚಮಿಗೆ ನಾನೇ ಹೋಗ್ತೀನಿ. ನೀನು ಬರ್ಬ್ಯಾಡ. ನಿನ್ನ ಬಾಯಿ ಮಾತು ಅವಳು ನಂಬಂಗಿಲ್ಲ, ನಾನೂ ನಂಬಂಗಿಲ್ಲ. ಬರೆದು ಕೊಡು. ಒಂದಕ್ಷರ ಬಿಡಬ್ಯಾಡ” ಅಂದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದರು: “ಮತ್ತೆ, ನಿನ್ನ ಸಮಜಾಯಿಷಿ ಬರೀಬ್ಯಾಡ.”

ಬರೆದಿದ್ದೇನೆ ಅಣ್ಣ, ಅಲ್ಲಲ್ಲಿ. ಅಪ್ಪನ ಮಂಚ, ಊರಿನ ಭಯ. ಹೊಡೆದು ಹಾಕಲು ಹೋದೆ, ಆದರೆ ಒಂದಕ್ಷರವೂ ಬಿಡಬೇಡ ಎಂದಿರಿ. ಗಿರಿಜಕ್ಕ ಅದನ್ನು ಲೆಕ್ಕಕ್ಕೆ ಹಿಡಿಯದಿರಲಿ.

ಗಿರಿಜಕ್ಕ, ಇದನ್ನು ಓದಿದ ಮೇಲೆ ನೀವು ನನ್ನ ಮುಖ ನೋಡದೇ ಇರಬಹುದು. ಕ್ಷಮಿಸಿ ಎಂದು ಕೇಳಿದರೆ ನಿಮಗೆ ಇನ್ನೊಂದು ಕೆಲಸ ಕೊಟ್ಟಂತಾಗುತ್ತದೆ, ಕೇಳುವುದಿಲ್ಲ. ಹೊಲದಲ್ಲಿ ಸಮಾಧಿಯ ಸುತ್ತ ನಿನ್ನೆ ಸಂಜೆ ಕಳೆ ಕಿತ್ತು ಬಂದೆ. ಏರಿಯ ಮೇಲಿನ ದಾರಿಯ ಮುಳ್ಳನ್ನೂ ಸವರಿದ್ದೇನೆ. ಹುಣಸೆಮರ ಹಾಗೇ ಇದೆ, ಗಳಗಳನ್ನು ಯಾರೋ ಎಂದೋ ಚಪ್ಪರಕ್ಕೆ ಒಯ್ದರು. ನೀವು ಬಂದರೆ ನಿಮ್ಮ ಸೀರೆಯನ್ನು ನೀವೇ ಇಡಿ. ನಿಮ್ಮ ಹಿಡಿ ಮಣ್ಣನ್ನು ನೀವೇ ಹಾಕಿ. ಬರುವುದು ಬೇಡ ಅನ್ನಿಸಿದರೆ, ಅದೂ ನಿಮ್ಮದೇ.

ಅವತ್ತು ಮೋರಿಯ ಆಚೆ ನಿಂತು ನೀವು ಕೂಗಿದ ಮಾತಿಗೆ ನಾನು ಕೊಡಬೇಕಾಗಿದ್ದ ಉತ್ತರ ಎರಡೇ ಸಾಲಿನದು. ತಡವಾಗಿದೆ, ಗೊತ್ತು. ಆದರೂ ಇಲ್ಲಿ ಬರೆಯುತ್ತೇನೆ, ಇನ್ನು ಯಾರೂ ಇದನ್ನು ನಿಮ್ಮಿಂದ ಮುಚ್ಚಿಡದ ಹಾಗೆ.

ಮಣ್ಣು ಇನ್ನೂ ಆಗಿಲ್ಲ ಅಕ್ಕ.

ಅಣ್ಣ ನಿಮಗೋಸ್ಕರ ಕಾಯ್ತಾ ಕೂತಿದಾರೆ.